ಓನರಮ್ಮನ ಪಿನಾಂಗ್ ಶಾವಿಗೆ

ಹೋದ ವಾರ ಒಣ ಸೀಗಡಿ ಹುರಿಯುತ್ತಿದ್ದೆ. ರಾಮನಗರದ ಈ ಮನೆಯಲ್ಲಿ ಈಗ ನಾನೊಬ್ಬಳೇ. ನಮ್ಮನೆಯವರು ತೀರಿಕೊಂಡು ನಾಲ್ಕು ವರ್ಷವಾಯಿತು, ಮಗಳು ಕನಕಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬೇಕಾದ್ದು ಬೇಯಿಸಬಹುದು, ಕೇಳುವವರಿಲ್ಲ. ಆದರೂ ಸೀಗಡಿಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹೋಗಿ ಕಿಟಕಿ ಹಾಕಿಬಿಟ್ಟೆ. ಹಾಕಿದ ಮೇಲೆ ನಗು ಬಂತು. ಇಪ್ಪತ್ತೈದು ವರ್ಷದ ಹಿಂದಿನ ಹೆದರಿಕೆಯನ್ನು ಕೈ ಇನ್ನೂ ಮರೆತಿಲ್ಲ. ಆಮೇಲೆ ನಮ್ಮ ಓನರಮ್ಮ ನೆನಪಾದರು. ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಆಗ ನಾವು ಚನ್ನಪಟ್ಟಣದಲ್ಲಿ ಬಾಡಿಗೆಗಿದ್ದೆವು. ನಮ್ಮನೆಯವರು ಬಸ್ ಕಂಡಕ್ಟರ್. ಮುಂದೆ ಓನರ್ ಮನೆ, ಪಕ್ಕದಲ್ಲಿ ಅವರ ರೇಷ್ಮೆ ನೂಲು ತೆಗೆಯುವ ಶೆಡ್ಡು, ಹಿಂದೆ ನಮ್ಮ ಎರಡು ರೂಮು. ಅವರದು ಲಿಂಗ ಕಟ್ಟಿದ ಮನೆ. ಬಾಡು, ಮೀನು, ಮೊಟ್ಟೆ ಯಾವುದೂ ಒಳಗೆ ಬರಕೂಡದು ಅಂತ ಯಜಮಾನರು ಮೊದಲ ದಿನವೇ ಹೇಳಿದ್ದರು. ನಾನು ಬೈರಾಪಟ್ಟಣದ ಒಕ್ಕಲು ಮನೆಯವಳು, ಮುದ್ದೆ ಜೊತೆ ಮೀನು ಸಾರು ತಿಂದು ಬೆಳೆದವಳು. ಮನೆ ಸಿಕ್ಕಿದ್ದೇ ಪುಣ್ಯ ಅಂತ ಹೂಂ ಅಂದುಬಿಟ್ಟೆವು. ಪಕ್ಕದ ಶೆಡ್ಡಿನಲ್ಲಿ ದಿನಾ ಸಾವಿರಾರು ಹುಳು ಬಿಸಿನೀರಲ್ಲಿ ಬೇಯುತ್ತಿದ್ದವು, ಆ ನಾತ ಬೀದಿ ತುದಿಯವರೆಗೂ ಹೋಗುತ್ತಿತ್ತು. ನಾವು ಮಾತ್ರ ಒಂದು ಮೊಟ್ಟೆ ಬೇಯಿಸುವಂತಿರಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಅಂದವಳಲ್ಲ, ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ.

ಓನರಮ್ಮ ಮಾತು ಕಡಿಮೆಯ ಹೆಂಗಸು. ಅರವತ್ತರ ಹತ್ತಿರ ವಯಸ್ಸು, ಎತ್ತರದ ಸಣಕಲು ಮೈ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿ ಕರಡಿಗೆ. ಅವರು ಹುಟ್ಟಿದ್ದು ಮಲಯಾದಲ್ಲಂತೆ ಅಂತ ಬೀದಿಯವರು ಹೇಳುತ್ತಿದ್ದರು. ಮಲಯಾ ಅಂದರೆ ಮಲೆಮಹದೇಶ್ವರನ ಬೆಟ್ಟದ ಕಡೆ ಎಲ್ಲೋ ಇರಬೇಕು ಅಂದುಕೊಂಡಿದ್ದೆ ನಾನು. ಅಷ್ಟು ತಿಳಿವಳಿಕೆ ನನ್ನದು.

ಬಸುರಿಯಾದೆ. ಮೂರನೇ ತಿಂಗಳಿಗೆ ಸೀಗಡಿ ಬಯಕೆ ಶುರುವಾಯಿತು. ಬೇರೆ ಏನು ತಿಂದರೂ ವಾಂತಿ. ಅಮ್ಮ ಊರಿಂದ ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ಒಂದು ಪೊಟ್ಟಣ ತಂದುಕೊಟ್ಟರು. ಶೆಡ್ಡಿನ ನಾತ ಜೋರಾಗಿದ್ದ ಒಂದು ಮಧ್ಯಾಹ್ನ ನೋಡಿ, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ಹುರಿಯಲು ಹಾಕಿದೆ. ಹುರಿದು ಮುಗಿದಿರಲಿಲ್ಲ, ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಓನರಮ್ಮ. ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ.

"ಸೀಗ್ಡಿ ಅಲ್ವೇನವ್ವ ಅದು?"

ನನಗೆ ಅಳು ಬಂದುಬಿಟ್ಟಿತು. ಮನೆ ಹೋಯಿತು ಅಂದುಕೊಂಡೆ. ಅವರು ಒಳಗೆ ಬಂದು ಚಿಲಕ ಹಾಕಿದರು.

"ಅಳ್ಬ್ಯಾಡ ಕಣ್ ಮಗಾ. ನಂಗೂ ಒಸಿ ಕೊಡು."

ಕೊಟ್ಟೆ. ಅವರು ಕರಡಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿ ಸೆರಗು ಮುಚ್ಚಿಕೊಂಡರು, ಗೋಡೆ ಕಡೆ ತಿರುಗಿ ನಿಂತು ತಿಂದರು. ಒಂದೊಂದೇ ಸೀಗಡಿ, ಬಹಳ ಹೊತ್ತು. ಅಷ್ಟು ವಯಸ್ಸಾದವರು ಅಷ್ಟು ಸಂಕೋಚದಿಂದ ಏನನ್ನಾದರೂ ತಿಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಲಯಾ ಎಲ್ಲಿದೆ ಅಂತ ಅವತ್ತೇ ಗೊತ್ತಾಗಿದ್ದು. ಸಮುದ್ರದಾಚೆ ಪಿನಾಂಗ್ ಅಂತ ಊರು. ಇವರ ಅಪ್ಪ ಅಲ್ಲೊಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿ ಮೇಲೆಯೇ ಮನೆ. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಕುಡಿಯದವರು. ಮಗಳು ಮಾತ್ರ ಪಕ್ಕದ ಮನೆಯ ಚೀನಾ ಹುಡುಗಿಯ ಜೊತೆ ಮೆಟ್ಟಿಲ ಕೆಳಗೆ ನಿಂತು, ಒಂದೇ ಬಟ್ಟಲಲ್ಲಿ ಬೀದಿಯ ತಿಂಡಿ ತಿಂದು ಬಾಯಿ ತೊಳೆದುಕೊಂಡು ಮೇಲೆ ಹತ್ತುತ್ತಿದ್ದಳು.

"ಅಪ್ಪಯ್ಯಂಗೆ ಗೊತ್ತಾಗಿದ್ರೆ ಹಡಗು ಹತ್ತಿಸಿ ಕಳಿಸ್ಬುಡೋರು," ಅಂದರು ಒಂದು ಸಲ. "ಕೊನೆಗೂ ಹಡಗು ಹತ್ತಿಸಿ ಕಳಿಸಿದ್ರು. ಮದ್ವೆ ಮಾಡಾಕೆ." ಹೇಳಿ ತಾವೇ ನಕ್ಕರು.

ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ, ವಾರಕ್ಕೊಂದು ಮಧ್ಯಾಹ್ನ ಅವರು ಹಿತ್ತಲ ಬಾಗಿಲಿಂದ ಬರುತ್ತಿದ್ದರು. ಕೂತು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಬಿದಿರಿನ ಎರಡು ತುಂಡನ್ನು ಟಕ್ ಟಕ್ ಬಡಿಯುತ್ತಾ ಗಾಡಿ ತಳ್ಳಿಕೊಂಡು ಬರುತ್ತಿದ್ದ ಚೀನಾದ ಮುದುಕ... ಆ ಟಕ್ ಟಕ್ ಕೇಳಿದರೆ ಮನೆಮನೆಯಿಂದ ಬಟ್ಟಲು ಹಿಡಿದ ಮಕ್ಕಳು ಇಳಿದು ಬರುತ್ತಿದ್ದವಂತೆ. ತಲೆಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂರುತ್ತಿದ್ದ ಮಲಯಾದ ಹೆಂಗಸು, ಬಾಳೆಲೆಯಲ್ಲಿ ಮಡಿಸಿಕೊಡುತ್ತಿದ್ದ ಕಾಯಿಹಾಲಿನ ಅನ್ನ, ಅದರ ಮೇಲೆ ಒಂದು ಚಮಚ ಕೆಂಪು ಖಾರ, ಬೆರಳುದ್ದವೂ ಇಲ್ಲದ ಹುರಿದ ಮೀನು. ಎಲ್ಲಕ್ಕಿಂತ ಅವರ ಪ್ರಾಣ ಇದ್ದದ್ದು ಲಕ್ಸಾ ಅನ್ನುವ ಒಂದು ಹುಳಿ ಶಾವಿಗೆಯ ಮೇಲೆ. ದಪ್ಪ ಅಕ್ಕಿ ಶಾವಿಗೆಯ ಮೇಲೆ ಮೀನಿನ ಹುಳಿಸಾರು ಸುರಿದು, ಅನಾನಸ್, ಸೌತೆಕಾಯಿ, ಈರುಳ್ಳಿ, ಪುದೀನ ಉದುರಿಸಿ ಕೊಡುತ್ತಿದ್ದರಂತೆ. ಅದಕ್ಕೆ ಕೊಳೆತ ಸೀಗಡಿಯಂಥ ಒಂದು ಕಪ್ಪು ಮುದ್ದೆಯನ್ನೂ ಹಾಕುತ್ತಿದ್ದರಂತೆ. ನಾನು ಮುಖ ಕಿವಿಚಿದರೆ, "ನೀನ್ ತಿಂದಿಲ್ಲ, ಅದ್ಕೇ" ಅನ್ನುತ್ತಿದ್ದರು.

ಅದನ್ನು ನಾವು ಮಾಡಿದೆವು. ನನ್ನ ಅಡುಗೆಮನೆಯಲ್ಲಿ, ಅವರ ಮನೆಯ ಶಾವಿಗೆ ಒರಳಿನಲ್ಲಿ ಒತ್ತಿ. ಹುಣಸೆಹಣ್ಣು ನಮ್ಮೂರಿನದು, ಮಜ್ಜಿಗೆಹುಲ್ಲು ಹಿತ್ತಲಿನದು, ಕಪ್ಪು ಮುದ್ದೆಯ ಬದಲು ಸೀಗಡಿಪುಡಿ. ಮೊದಲ ಸಲ ಬಾಯಿಗಿಟ್ಟು ತಲೆ ಅಲ್ಲಾಡಿಸಿದರು. ಎರಡನೇ ಸಲ ಹುಳಿ ಜಾಸ್ತಿ. ಐದನೆಯದೋ ಆರನೆಯದೋ ಸಲ, ಬಟ್ಟಲಿನ ತಳ ಕಾಣುವವರೆಗೂ ತಿಂದರು. "ಇನ್ನೊಂದು ಬೀಳ್ಬೇಕು ಇದ್ಕೆ. ಒಂದು ಹೂವು, ಗುಲಾಬಿ ಬಣ್ಣದ್ದು, ಸಣ್ಣಗೆ ಹೆಚ್ಚಿ ಹಾಕೋರು... ಹೆಸ್ರು ಬಾಯಿಗೆ ಬತ್ತಾ ಇಲ್ಲ" ಅಂದರು. ಆ ಹೆಸರು ಅವರಿಗೆ ಕೊನೆಗೂ ಬರಲಿಲ್ಲ.

ಒಂದು ದಿನ ಮಗ ಅವರನ್ನು ಪೇಟೆಗೆ ಕರೆದುಕೊಂಡು ಹೋಗಿ, ಚೈನೀಸ್ ಅಂತ ಬೋರ್ಡು ಹಾಕಿದ ಗಾಡಿಯಲ್ಲಿ ಗೋಬಿ ಮಂಚೂರಿ ಕೊಡಿಸಿದ್ದ. ಮಾರನೇ ದಿನ ಬಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಚೀನಾದೋರು ಇದನ್ನ ನೋಡಿದ್ರೆ ಊರು ಬುಟ್ಟು ಓಡೋಗ್ತಾರೆ ಕಣ್ ಮಗಾ!" ನಾನೂ ನಕ್ಕೆ. ಆಮೇಲೆ ಅವರು, ಬೋರ್ಡು ನೋಡಿದ ತಕ್ಷಣ ತಮಗೆ ಎದೆ ಡವಡವ ಅಂದಿತ್ತು, ಮಗನ ಮುಂದೆ ತೋರಿಸಿಕೊಳ್ಳಲಿಲ್ಲ ಅಂದರು. ನಲವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಗಂಡನಿಗಾಗಲಿ, ಹೆತ್ತ ಮಗನಿಗಾಗಲಿ ಅವರು ಇದ್ಯಾವುದನ್ನೂ ಹೇಳಿರಲಿಲ್ಲ.

ನನ್ನ ಮಗಳಿಗೆ ಆರು ತಿಂಗಳು. ಅವತ್ತು ಬೆಳಿಗ್ಗೆ ಶೆಡ್ಡು ನಡೆಯುತ್ತಿತ್ತು, ಅದನ್ನು ನೋಡಿಯೇ ಒಲೆ ಹಚ್ಚಿದ್ದು. ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಸಾಕಷ್ಟು ಸಿಕ್ಕಿರಲಿಲ್ಲ. ಇದ್ದದ್ದು ಮಧ್ಯಾಹ್ನಕ್ಕೇ ಮುಗಿದು ಶೆಡ್ಡಿನ ಒಲೆ ಆರಿಸಿದ್ದಾರೆ ಅನ್ನುವುದು ಒಳಗೆ ಕೂತ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಹುಳುವಿನ ನಾತ ನಿಂತಿದ್ದೇ ನಮ್ಮ ಮೀನುಸಾರಿನ ವಾಸನೆ ಅಂಗಳ ತುಂಬಿಕೊಂಡಿತು. ಅವರ ಮಗ ಹೊರಗಿಂದ ಕೂಗಿದ, ಹಿಂದೆಯೇ ಯಜಮಾನರ ಧ್ವನಿ. ಓನರಮ್ಮನ ಕೈಯಲ್ಲಿ ಬಟ್ಟಲಿತ್ತು.

ಅದನ್ನು ನನ್ನ ಕೈಗೆ ತುರುಕಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ತಾವೇ ಹೋಗಿ ಬಾಗಿಲು ತೆಗೆದರು. ತೆಗೆದವರೇ ನನ್ನ ಕಡೆ ತಿರುಗಿದರು.

"ಎಷ್ಟ್ ಸಲ ಹೇಳಿವ್ನಿ ನಿಂಗೆ! ನಮ್ಮನೇಲಿ ಇಂತಾವೆಲ್ಲ ಬ್ಯಾಡ ಅಂತ ಹೇಳಿರ್ನಿಲ್ವಾ? ವಾಸ್ನೆ ಬಂತು ಅಂತ ನೋಡಾಕೆ ಬಂದ್ರೆ, ಮಗೀನ ಪಕ್ದಲ್ಲಿಟ್ಕೊಂಡು ಮೀನು ಬೇಯಿಸ್ತಾವ್ಳೆ!"

ಅವರ ಮುಖ ನನ್ನ ಕಡೆ, ಬೆನ್ನು ಮಗನ ಕಡೆ. ಕರಡಿಗೆ ಇನ್ನೂ ಬೆನ್ನ ಮೇಲೇ ಇತ್ತು, ಸೆರಗಿನ ಒಳಗೆ. ಅವರ ಬಾಯಿ ಬೈಯುತ್ತಿತ್ತು, ಕಣ್ಣು ಮಾತ್ರ ಕೈಮುಗಿಯುತ್ತಿತ್ತು. ನಾನು "ತಪ್ಪಾಯ್ತಮ್ಮ" ಅಂದೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಅಂತ ಯಜಮಾನರು ಹೇಳಿ ಹೋದರು. "ಒಂದು ತುಂಡು ಮೀನಿಗೆ ಮನೆ ಕಳೆದ್ಯಲ್ಲೇ" ಅಂತ ನಮ್ಮನೆಯವರು ಎರಡು ದಿನ ಊಟ ಬಿಟ್ಟರು. ಅವರಿಗೂ ನಿಜ ಹೇಳಲಿಲ್ಲ. ಕೈಗೂಸು ಕಟ್ಟಿಕೊಂಡು ರಾಮನಗರಕ್ಕೆ ಲಗೇಜ್ ಆಟೋ ಹತ್ತಿದ ದಿನ ಓನರ್ ಮನೆ ಸೊಸೆ ಬಂದು ಕುಂಕುಮ ಕೊಟ್ಟಳು. ಓನರಮ್ಮ ಬಾಗಿಲಿಗೂ ಬರಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಚನ್ನಪಟ್ಟಣದ ಒಂದು ಮದುವೆಯಲ್ಲಿ ಸಿಕ್ಕಿದರು. ಇನ್ನೂ ಇಳಿದುಹೋಗಿದ್ದರು. ಊಟದ ಸಾಲಿನಿಂದ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಕೈ ಬಿಡದೆ, "ಆ ಶಾವ್ಗೆ ಈಗ್ಲೂ ಮಾಡ್ತೀಯಾ ಮಗಾ?" ಅಂತ ಮೆಲ್ಲಗೆ ಕೇಳಿದರು. ಮಾಡುತ್ತಿದ್ದೆ, ತಿಂಗಳಿಗೊಮ್ಮೆಯಾದರೂ. ಆದರೆ ಒಳಗಿನ ಸಿಟ್ಟು ಸುಮ್ಮನಿರಬೇಕಲ್ಲ. "ಇಲ್ಲಮ್ಮ, ಅದೆಲ್ಲ ಮರೆತೇ ಹೋಯ್ತು" ಅಂದುಬಿಟ್ಟೆ. ಅವರು ಹೂಂ ಅಂದು ಕೈ ಬಿಟ್ಟರು. ಒಂದು ದಿನ ಬನ್ನಿ, ಮಾಡಿಕೊಡ್ತೀನಿ ಅನ್ನಬಹುದಿತ್ತು ನಾನು. ರಾಮನಗರ ಎಷ್ಟು ದೂರ, ಬಸ್ಸು ಹತ್ತಿದರೆ ಬಂತು...

ಓನರಮ್ಮ ತೀರಿಕೊಂಡಾಗ ಸೊಸೆಯೇ ಫೋನ್ ಮಾಡಿದಳು. ಕೊನೆಕೊನೆಗೆ ಅತ್ತೆ ನನ್ನನ್ನು ಎರಡು ಮೂರು ಸಲ ಕೇಳಿದ್ದರಂತೆ, ಯಾಕೆ ಅಂತ ಮನೆಯವರಿಗೆ ತಿಳಿಯಲಿಲ್ಲವಂತೆ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಹೋದೆ. ಫೋಟೋ ಮುಂದೆ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನು ಬಡಿಸಬೇಕು. ಸೊಸೆ ನನ್ನ ಹತ್ತಿರ ಬಂದು ಕೂತಳು.

"ಅತ್ತೆಗೆ ಏನಿಷ್ಟ ಅಂತ್ಲೇ ನಮ್ಗೆ ಗೊತ್ತಿಲ್ಲ ಅಕ್ಕ. ಕೊಟ್ಟಿದ್ದು ತಿನ್ನೋರು. ನಿಮ್ಗೇನಾದ್ರೂ ಹೇಳಿದ್ರಾ?"

"ಶಾವಿಗೆ" ಅಂದೆ. ಬಾಯಿಂದ ಬಿದ್ದೇ ಹೋಯಿತು. ಫೋಟೋ ಪಕ್ಕದಲ್ಲಿ ಕೂತಿದ್ದ ಯಜಮಾನರು ತಲೆ ಎತ್ತಿ ನೋಡಿದರು. ಅತ್ತು ಅತ್ತು ಊದಿದ ಕಣ್ಣು.

"ಶಾವಿಗೆ ಪಾಯಸ" ಅಂದೆ.

ಸಿಹಿ ಅಂದರೆ ಆಗದ ಹೆಂಗಸು ಅವರು, ಹಬ್ಬದ ದಿನ ಕೂಡ ಹೋಳಿಗೆಯನ್ನು ನನ್ನ ತಟ್ಟೆಗೆ ದಾಟಿಸುತ್ತಿದ್ದರು. ಅವತ್ತು ಹಾಗೆ ಯಾಕೆ ಹೇಳಿದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಸೂರು ಕಳೆದು ಅವರು ಉಳಿಸಿಕೊಂಡಿದ್ದ ಗುಟ್ಟು ಅದು, ಒಡೆಯುವುದಕ್ಕೆ ನಾನು ಯಾರು ಅಂದುಕೊಂಡೆ. ಪೂರ್ತಿ ಅಷ್ಟೇ ಇತ್ತು ಅಂತ ಹೇಳಲಾರೆ. ಸ್ವಲ್ಪ ಸೇಡೂ ಇತ್ತೇನೋ.

ಮೊನ್ನೆ ಸೊಸೆಯ ಫೋನ್ ಬಂತು. ವರ್ಷದ ಎಡೆ ಇಟ್ಟರಂತೆ, ಎಂದಿನಂತೆ ಶಾವಿಗೆ ಪಾಯಸ ಮಾಡಿ. ಮಾವ ಮಾತಾಡಬೇಕಂತೆ ಅಂದಳು. ಯಜಮಾನರಿಗೆ ಈಗ ತೊಂಬತ್ತರ ಹತ್ತಿರ, ಉಸಿರು ಎಳೆದೆಳೆದು ಮಾತಾಡುತ್ತಾರೆ.

"ಅಷ್ಟು ವರ್ಷ ಒಟ್ಟಿಗಿದ್ವಿ ಕಣಮ್ಮ. ಪಾಯ್ಸ ಇಷ್ಟ ಅಂತ ನಂಗೊಂದ್ ದಿನಾನೂ ಅನ್ನಿಲ್ವಲ್ಲ ಅವ್ಳು. ಕೇಳಿದ್ರೆ ನಾನ್ ಬ್ಯಾಡ ಅಂತಿದ್ನಾ?"

"ಅಂತಿರ್ಲಿಲ್ಲ ಯಜಮಾನ್ರೇ" ಅಂದೆ. ಫೋನ್ ಇಟ್ಟ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಆ ಹೆಂಗಸಿನ ನಾಲಗೆ ಏನನ್ನು ಬೇಡುತ್ತಿತ್ತು ಅನ್ನುವುದು ಈ ಲೋಕದಲ್ಲಿ ಈಗ ನನಗೊಬ್ಬಳಿಗೇ ಗೊತ್ತು. ನಾನೂ ಹೋದ ಮೇಲೆ ಅವರು ಪಾಯಸ ಇಷ್ಟಪಡುತ್ತಿದ್ದ ಮುತ್ತೈದೆಯಾಗಿಯೇ ಉಳಿಯುತ್ತಾರೆ.