ಬೆನ್ನ ತುಪ್ಪಳ ಬಿಟ್ಟು ಬಾಚುವ ದರಿಮಾ

ಬಯಲಿನ ಅಂಚಿನಲ್ಲಿ ಸೂರ್ಯ ಆಗಲೇ ಮೇಲೆದ್ದಿದ್ದಾನೆ. ನ್ಯಾಮ್‌ಸುರೆನ್‌ನ ಗುಡಾರದ ಮುಂದೆ ದರಿಮಾ ಒಂದು ಆಡನ್ನು ಮಗ್ಗುಲಿಗೆ ಕೆಡವಿ, ಮೂರು ಕಾಲು ಕಟ್ಟಿ, ಮಂಡಿಯೂರಿ ಕೂತಿದ್ದಾರೆ. ಬಲಗೈಯಲ್ಲಿ ಕೊಕ್ಕೆಹಲ್ಲಿನ ಕಬ್ಬಿಣದ ಬಾಚಣಿಗೆ. ಆದರೆ ಬಾಚುತ್ತಿಲ್ಲ. ಎಡಗೈ ಬೆರಳುಗಳನ್ನು ಒರಟು ಕೂದಲೊಳಗೆ ತೂರಿಸಿ, ಬುಡದ ಮೆತ್ತನೆಯ ತುಪ್ಪಳವನ್ನು ಮುಟ್ಟಿ ನೋಡುತ್ತಿದ್ದಾರೆ, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ.

"ಹೊಟ್ಟೇದು ಬಿಟ್ಕೊಂಡಿದೆ. ಬೆನ್ನಿಂದು ಬೇಡ," ಎನ್ನುತ್ತಾರೆ.

"ಬೆನ್ನಲ್ಲೇ ಅಲ್ವೇನಕ್ಕ ಅರ್ಧ ತುಪ್ಪಳ ಇರೋದು? ಮಧ್ಯಾಹ್ನ ತುಪ್ಪಳ ಕೊಳ್ಳೋ ಲಾರಿ ಹೋದ್ರೆ ಮತ್ತೆ ಈ ಕಡೆ ಬರಲ್ಲ," ನ್ಯಾಮ್‌ಸುರೆನ್ ಗೊಣಗುತ್ತಾನೆ. "ಬಿಸಿಲು ನೋಡು, ನಾನೇ ಅಂಗಿ ಬಿಚ್ಚೋ ಹಾಗಿದೆ."

"ಬಿಚ್ಚು ಮಾರಾಯ. ನಿಂಗೆ ಒಳಗೆ ಒಲೆ ಇದೆ, ಹೆಂಡತಿ ಇದ್ದಾಳೆ. ಇವಕ್ಕೇನಿದೆ?"

ನಡುಗೋಬಿ ಮರುಭೂಮಿಯ ಈ ಬಯಲಿನಲ್ಲಿ ವಸಂತ ಬಂತೆಂದರೆ ಐವತ್ತೆಂಟರ ದರಿಮಾ ಗುಡಾರದಿಂದ ಗುಡಾರಕ್ಕೆ ಹೋಗಿ ಆಡು ಬಾಚುತ್ತಾರೆ. ದಿನಕ್ಕೆ ಹತ್ತು, ಮೈ ಚೆನ್ನಾಗಿದ್ದರೆ ಹನ್ನೆರಡು. ಮೂವತ್ತೈದು ವಸಂತಗಳಲ್ಲಿ ಬಲಗೈಯ ಎರಡು ಬೆರಳು ಬಾಚಣಿಗೆಯಂತೆಯೇ ಬಾಗಿ ನಿಂತಿವೆ. ಆ ತುಪ್ಪಳದ ಶಾಲನ್ನು ಅವರು ಒಮ್ಮೆಯೂ ಹೊದ್ದಿಲ್ಲ.

ನಾನೂ ಈ ಬಯಲಿನವಳೇ; ನಮ್ಮಜ್ಜಿಯ ಕಥೆಯಲ್ಲಿ ವಸಂತ ಏಳು ಅಂಗಿಗಳ ಸೊಸೆ. ಒಂದೇ ದಿನದಲ್ಲಿ ಬಿಸಿಲಿನದು, ಧೂಳಿನದು, ಮಳೆಯದು, ಹಿಮದ್ದು ಎಂದು ಉಟ್ಟು ಬಿಸಾಡುತ್ತಾಳೆ. ಏಳನೆಯ ಅಂಗಿ ಮಾತ್ರ ನಮ್ಮ ಹಟ್ಟಿಯಲ್ಲಿ ಸತ್ತ ಆಡುಗಳ ಚರ್ಮದ್ದು.

ಆ ಅಂಗಿಯನ್ನು ಹೋದ ವರ್ಷ ದರಿಮಾ ಕಂಡರು. ಮೂರು ದಿನ ಬೆಚ್ಚಗಿತ್ತು. ಇದೇ ನ್ಯಾಮ್‌ಸುರೆನ್‌ನ ಎಂಬತ್ನಾಲ್ಕು ಆಡುಗಳನ್ನು ಬೆನ್ನೂ ಬಿಡದೆ ಬಾಚಿದರು. ನಾಲ್ಕನೆಯ ದಿನ ಮಳೆ ಬಂತು, ಮಳೆ ಹಿಮವಾಯಿತು. ಬೇಲಿಯ ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಸತ್ತವು ಐವತ್ಮೂರು.

"ಅವನು ಬೈದಿದ್ರೆ ಚೆನ್ನಾಗಿತ್ತು," ದರಿಮಾ ತಲೆ ಎತ್ತದೆ ಹೇಳುತ್ತಾರೆ. "ಬೈಲಿಲ್ಲ. ಈ ವರ್ಷ ಮತ್ತೆ ನನ್ನೇ ಕರೆದ. ಅದೇ ಭಾರ."

ಉಳಿದದ್ದು ಮೂವತ್ತೊಂದು. ಹೋದ ಬೇಸಿಗೆಯಿಡೀ ಮಳೆಯಿಲ್ಲದೆ ಹುಲ್ಲು ಏಳಲಿಲ್ಲ, ಹಾಗಾಗಿ ಅವುಗಳ ಮೈಯಲ್ಲಿ ಕೊಬ್ಬಿಲ್ಲ. ಬಡಕಲು ಆಡು ತುಪ್ಪಳವನ್ನೂ ಬೇಗ ಬಿಡುವುದಿಲ್ಲ. ಇನ್ನು ಕಿವಿ ಹರಿದ ಒಂದು ಬೂದು ಆಡು, ದರಿಮಾರ ವಾಸನೆ ಸಿಕ್ಕರೆ ಸಾಕು, ಹಟ್ಟಿಯ ಆ ತುದಿಗೆ ಓಡುತ್ತದೆ. ನಾಲ್ಕು ದಿನದಿಂದ ಬಾಚಿದ ಮೂವತ್ತರ ಬೆನ್ನ ಮೇಲೂ ಅಂಗೈಯಗಲದ ತುಪ್ಪಳದ ಪಟ್ಟಿ ಹಾಗೇ ಉಳಿದಿದೆ. ಆ ಬೂದು ಆಡೊಂದೇ ಕೈಗೆ ಸಿಕ್ಕಿಲ್ಲ.

ಲಾರಿ ಬರುತ್ತದೆ, ಅರ್ಧ ತುಂಬಿದ ಚೀಲಗಳನ್ನು ಏರಿಸಿಕೊಂಡು ಹೋಗುತ್ತದೆ. ಧೂಳು ಇನ್ನೂ ಇಳಿದಿಲ್ಲ, ಗಾಳಿ ಬಡಗಣದಿಂದ ಬೀಸತೊಡಗುತ್ತದೆ. ಬಿಸಿಲು ದೀಪ ಆರಿದಂತೆ ಆರುತ್ತದೆ. ಮೊದಲು ಮರಳು, ಆಮೇಲೆ ಹನಿ, ಆಮೇಲೆ ಅಡ್ಡಡ್ಡ ಹಾರುವ ಹಿಮ.

"ಒಳಗೆ ನೂಕು! ಬಡಕಲುಗಳನ್ನ ಮೊದಲು!" ದರಿಮಾ ಕೂಗುತ್ತಾರೆ. ಹದಿನಾರು ಆಡುಗಳು ಗುಡಾರದೊಳಗೆ ಒಲೆಯ ಸುತ್ತ ನಿಲ್ಲುತ್ತವೆ. ನ್ಯಾಮ್‌ಸುರೆನ್‌ನ ಹೆಂಡತಿ ಬೆರಣಿ ಒಟ್ಟುತ್ತ, "ನೆಂಟರು ಜಾಸ್ತಿಯಾದ್ರು, ನಮ್ಮ ಉಪ್ಪು ಚಹಾ ಸಾಲಲ್ಲ," ಎನ್ನುತ್ತಾಳೆ. ಯಾರೂ ನಗುವುದಿಲ್ಲ. ಉಳಿದ ಹದಿನೈದರ ಜೊತೆ ದರಿಮಾ ಹಟ್ಟಿಯಲ್ಲೇ ನಿಲ್ಲುತ್ತಾರೆ. ಮೂಲೆಗೆ ಹತ್ತಿ ಗುಡ್ಡೆಯಾಗದಂತೆ ಒಂದೊಂದನ್ನೇ ಎಳೆದು ಬಿಡಿಸುತ್ತಾರೆ.

ಸಂಜೆಗೆ ಗಾಳಿ ಸೋಲುತ್ತದೆ. ನ್ಯಾಮ್‌ಸುರೆನ್ ಎಣಿಸುತ್ತಾನೆ. ಇಪ್ಪತ್ತೊಂಬತ್ತು. ಬೆನ್ನ ಪಟ್ಟಿಯಿದ್ದೂ ಎರಡು ಮುದಿ ಆಡುಗಳು ಹಿಮದಲ್ಲಿ ಕಾಲು ಚಾಚಿ ಮಲಗಿವೆ. ಅವನು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ದರಿಮಾಗೆ ನೀಡುತ್ತಾನೆ.

ಇನ್ನೇನು ಬೇಕು ದರಿಮಾ ಅಕ್ಕ, ಎಂದು ನಾನು ಕೇಳಿದರೆ, "ಈ ಇಪ್ಪತ್ತೊಂಬತ್ತು ಹಸಿರು ಹುಲ್ಲು ಕಚ್ಚೋದು ನೋಡ್ಬೇಕು. ಅಷ್ಟು ಸಾಕು."

ಕಿವಿ ಹರಿದ ಬೂದು ಆಡು ಅವರ ತೊಡೆಗೆ ಒರಗಿ ನಿಂತಿದೆ. ಇದು ನಿಮ್ಮನ್ನು ಮನ್ನಿಸಿತಲ್ಲ, ಎನ್ನುತ್ತೇನೆ. ದರಿಮಾ ಅದರ ಬೆನ್ನಿನ ಹಿಮವನ್ನು ಬಾಗಿದ ಬೆರಳಿನಿಂದ ಮೆಲ್ಲಗೆ ಕೊಡವುತ್ತಾರೆ.

"ಮನ್ನಿಸೋದೇನು ಬಂತಮ್ಮ. ಅದಕ್ಕೆ ಚಳಿ, ಅಷ್ಟೆ."