ಲಾಳದವನ ಹೆಬ್ಬೆರಳು

ಗೊರಸು ಕೆತ್ತುವ ಉಳಿಯಿಂದ ನನ್ನ ಕಾಲಿನ ಹೆಬ್ಬೆರಳಿನ ಉಗುರಿನ ಮೂಲೆ ತೆಗೆಯಲು ಕೂತೆ. ಉಗುರು ಮಾಂಸಕ್ಕೆ ಚುಚ್ಚಿ ಕೆಂಪಾಗಿತ್ತು, ಕೀವಿರಲಿಲ್ಲ. ಮುಂದಿನ ವಾರ ನ್ಯಾಮತಿಯಲ್ಲಿ ಅರವತ್ತು ದಾಟಿದವರ ಓಟ. ಮೊದಲ ಸಲ ಹೆಸರು ಕೊಟ್ಟಿದ್ದೆ. ಆ ಹುರುಪಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಸಂತೇಬೆನ್ನೂರು ಸಂತೆಯಲ್ಲಿ ನಾನು ಎತ್ತುಗಳಿಗೆ ಲಾಳ ಕಟ್ಟುವವನು. ಎತ್ತು ತಂದಿದ್ದ ಹೆಣ್ಣುಮಗಳೊಬ್ಬಳು ನನ್ನ ಕೈಯಿಂದ ಉಳಿ ಕಿತ್ತುಕೊಂಡಳು.

“ಏನ್ ಮಾಡಾಕೆ ಹೊಂಟೀರಿ, ಅಜ್ಜಾರೆ?”

“ಎತ್ತಿಗೂ ಹಿಂಗೇ ಕೆತ್ತೋದು.”

“ಎತ್ತನ್ನ ಕೆಡವಿ ಕಾಲು ಕಟ್ತೀರಿ. ನಿಮ್ಮನ್ನ ಕೆಡವಾಕೆ ಯಾರನ್ನ ಕರೀಲಿ?”

ಸುತ್ತಲಿದ್ದವರು ನಕ್ಕರು. ತಾನೂ ಹೀಗೇ ಮೂಲೆ ಕೆತ್ತಿಕೊಂಡು, ಕೀವಾಗಿ, ಕೊನೆಗೆ ಡಾಕ್ಟರು ಉಗುರನ್ನೇ ತೆಗೆಯಬೇಕಾಯಿತು ಎಂದಳು.

“ಸಕ್ಕರೆ ಕಾಯಿಲೆ ಐತೇನ್ರಿ?”

“ಇಲ್ಲ.”

ಚಹಾದಂಗಡಿಯಿಂದ ಬೆಚ್ಚನೆಯ ನೀರು ತಂದು, ಉಪ್ಪು ಹಾಕಿ, ಕಾಲು ಇಡಿಸಿದಳು. ಉಗುರು ಮೆತ್ತಗಾದ ಮೇಲೆ ಅದರ ಅಂಚಿನಡಿ ಚೂರು ಶುದ್ಧ ಹತ್ತಿ ಸೇರಿಸಿದಳು.

“ದಿನಾ ಹಿಂಗೇ ಮಾಡ್ರಿ. ಉಗುರು ನೇರ ಕತ್ತರಿಸ್ರಿ, ಮೂಲೆ ಮುಟ್ಟಬ್ಯಾಡ್ರಿ. ಬಿಗಿ ಬೂಟು ಬ್ಯಾಡ. ಕೀವಾದ್ರೆ ಆಸ್ಪತ್ರೆಗೆ ಹೋಗ್ರಿ, ನನ್ನ ಹುಡುಕಬ್ಯಾಡ್ರಿ.”

ದಿನವೂ ಮಾಡಿದೆ. ನೋವು ಇಳಿಯಿತು. ನ್ಯಾಮತಿಯಲ್ಲಿ ಓಡಿದೆ, ಎರಡನೆಯವನಾಗಿ ಬಂದೆ. ಮೊದಲು ಬಂದವನಿಗೆ ಅರವತ್ತು ದಾಟಿದೆಯೆಂದು ನಾನಂತೂ ನಂಬುವುದಿಲ್ಲ.