ನೀನೂ ಮೊಣಕಾಲೂರಿದ್ದೆ

ಸ್ಟೆಲ್ಲಾ, ಆರು ವರ್ಷದ ಹಿಂದೆ ನಿನ್ನ ಬಗ್ಗೆ ಊರಲ್ಲಿ ಹಬ್ಬಿದ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಯಾರೋ ಆಗದವರು ಹೇಳಿರಬೇಕೆಂದು ನೀನು ಫೋನಿನಲ್ಲಿ ಅತ್ತಾಗ, "ಬಿಡೇ, ಜನಕ್ಕೆ ಬೇರೆ ಕೆಲ್ಸ ಇಲ್ಲ" ಎಂದು ಸಮಾಧಾನ ಮಾಡಿದವಳೂ ನಾನೇ. ಇದನ್ನು ಬರೆಯಲು ಕೂತು ಮೂರು ಹಾಳೆ ಹರಿದೆ — ಪ್ರತಿ ಸಲವೂ ಎರಡನೇ ಸಾಲಿಗೇ ನನ್ನ ಪರವಾಗಿ ವಕೀಲಿಕೆ ಶುರುವಾಗುತ್ತಿತ್ತು. ಇಪ್ಪತ್ತೈದು ವರ್ಷ ಸಮಾಜ ಪಾಠ ಮಾಡಿದ ಬಾಯಿ ಇದು. ತಪ್ಪು ಬೇರೆಯವರದ್ದೆಂದು ಹೇಳುವುದು ಇದಕ್ಕೆ ರೂಢಿಯಾಗಿದೆ.

ಸಾಗರದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ನೀನು ನರ್ಸಾದೆ, ಜಾನ್ಸನ್‌ನನ್ನು ಮದುವೆಯಾದೆ, ಮಿಷನ್ ಆಸ್ಪತ್ರೆಯ ಕೆಲಸಕ್ಕೆಂದು ಇಬ್ಬರೂ ಆಫ್ರಿಕಾದ ಮಲಾವಿಗೆ ಹೋದಿರಿ. ನಾನು ತೀರ್ಥಹಳ್ಳಿಯಲ್ಲಿ ಟೀಚರಾಗಿ ಉಳಿದೆ. ಆ ವರ್ಷ ಬೇಸಿಗೆ ರಜೆಗೆ "ಒಂದ್ ತಿಂಗ್ಳು ಬಂದಿದ್ದು ಹೋಗೇ" ಎಂದು ನೀನು ಕರೆದೆ, ನಾನು ಬಂದೆ.

ಮೊದಮೊದಲು ನಾನು ಎಲ್ಲದಕ್ಕೂ ನಗುತ್ತಿದ್ದೆ. ಮೆಕ್ಕೆಜೋಳದ ಬಿಳಿ ಮುದ್ದೆ ತಿಂದು "ಉಪ್ಪೇ ಹಾಕಿಲ್ವಲ್ಲೇ" ಎಂದೆ. ದಾರಿಯಲ್ಲಿ ಸಿಕ್ಕವರ ಕ್ಷೇಮವನ್ನೆಲ್ಲ ಕೇಳಿಯೇ ಮುಂದೆ ಹೋಗಬೇಕು ಎಂದು ನೀನು ಹೇಳಿದಾಗ "ಹಂಗಾದ್ರೆ ಇವ್ರು ಬಸ್ಸು ಹಿಡಿಯೋದು ಯಾವಾಗ?" ಎಂದೆ. ನೀನು ನಕ್ಕು ಸುಮ್ಮನಾಗುತ್ತಿದ್ದೆ. ಹೊಸ ಜಾಗಕ್ಕೆ ಬಂದವರಿಗೆ ಸಮಯ ಬೇಕೆಂದು ನಿನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಎರಡನೇ ಭಾನುವಾರ — ಅಮಾಯಿ ರೂತ್ ಮನೆಯ ಊಟ. ಅಮಾಯಿ ಎಂದರೆ ಅಲ್ಲಿ ಅಮ್ಮ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟೋ ಹೆರಿಗೆ ಮಾಡಿಸಿದ ಹಿರಿಯರು. ನನಗೆಂದೇ ಕೋಳಿ ಕೊಯ್ದಿದ್ದರು, ನೆರೆಮನೆಯ ಹೆಂಗಸರೆಲ್ಲ ಸೇರಿದ್ದರು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಆಮೇಲೆ ಆ ಅರವತ್ತರ ಹೆಂಗಸು ಜಗ್ಗು, ಬೇಸಿನ್ನು ಹಿಡಿದು ಬಂದು ನನ್ನೆದುರು ಎರಡೂ ಮೊಣಕಾಲೂರಿ ಕೂತರು. ತಲೆ ತಗ್ಗಿಸಿ, ನನ್ನ ಕೈ ಮೇಲೆ ನೀರು ಸುರಿಯಲು ಜಗ್ಗು ಎತ್ತಿದರು.

ನನಗೆ ಕಂಡದ್ದು ಅವರಲ್ಲ, ನನ್ನಜ್ಜಿ. ಗೇಣಿಯ ಕಾಲದಲ್ಲಿ ಒಡೆಯರ ಅಂಗಳದಾಚೆ ಬಗ್ಗಿ ನಿಂತು, ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವಳು. ಆ ಕಥೆ ಕೇಳಿಯೇ ಬೆಳೆದವರು ನಾವು. ಯಾರೆದುರೂ ಬಗ್ಗಬೇಡಿ, ಯಾರನ್ನೂ ಬಗ್ಗಿಸಬೇಡಿ ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಧಡಕ್ಕನೆ ಎದ್ದೆ. ಅವರ ತೋಳು ಹಿಡಿದು ಎಳೆದೆ. ಜಗ್ಗು ಉರುಳಿ ನೆಲವೆಲ್ಲ ನೀರಾಯಿತು. ನಿನ್ನ ಕಡೆ ತಿರುಗಿ ಕೂಗಿದೆ —

"ದೇವ್ರ ಕೆಲ್ಸ ಅಂತ ಬಂದು ಇವ್ರನ್ನ ಕಾಲ್ಬುಡದಾಗೆ ಕೂರ್ಸಿದೀಯೇನೇ? ನೀನೂ ಒಡತಿ ಆದ್ಯಲ್ಲೇ!"

ಅಮಾಯಿಗೆ ಕನ್ನಡ ಬಾರದು. ಆದರೆ ಬೈಗುಳ ಯಾರಿಗೆ ತಿಳಿಯುವುದಿಲ್ಲ? ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಯಿಂದ ನೆಲ ಒರೆಸುತ್ತ ನಿನ್ನನ್ನು ಏನೋ ಕೇಳಿದರು. ನೀನು ನನ್ನ ಮುಖ ನೋಡದೆ ಹೇಳಿದೆ, "ನೀರು ತಣ್ಣಗಿತ್ತಾ ಅಂತ ಕೇಳ್ತಿದಾರೆ ಕಣೆ."

ಅಲ್ಲಿಯವರೆಗಿನದ್ದು ತಿಳಿಯದೆ ಮಾಡಿದ್ದು. ಆಮೇಲಿನದ್ದಕ್ಕೆ ಆ ಮಾತು ಹೇಳುವ ಹಾಗಿಲ್ಲ.

ಎರಡು ದಿನ ಕಳೆದು ಅಮಾಯಿ ರೂತ್ ನಿಮ್ಮ ಮನೆಗೆ ಬಂದರು — ತಮ್ಮಿಂದ ಏನು ತಪ್ಪಾಯಿತೆಂದು ಕೇಳಲು. ನೀನು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಒಳಗಿನಿಂದ ಜಗ್ಗು ತಂದೆ. ಮೊಣಕಾಲೂರಿ ಕೂತು, ತಲೆ ತಗ್ಗಿಸಿ, ಅವರ ಕೈಗೆ ನೀರು ಸುರಿದೆ. ಅವರು ಒದ್ದೆ ಕೈಯಲ್ಲೇ ನಿನ್ನ ಭುಜ ಮುಟ್ಟಿ ಏನೋ ಅಂದರು, ಇಬ್ಬರೂ ನಕ್ಕಿರಿ. ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಎಲ್ಲ ನೋಡಿದೆ. ಬಂದವರಿಗೆ ನಾವು ಬೆಲ್ಲ ನೀರು ಕೊಡುವ ಹಾಗೆ, ಅದು ಅವರು ಮಾಡುವ ಮರ್ಯಾದೆ. ಅಲ್ಲಿ ಒಡೆಯರೂ ಇರಲಿಲ್ಲ, ಒಕ್ಕಲೂ ಇರಲಿಲ್ಲ. ಅರ್ಥವಾಯಿತು, ಸ್ಟೆಲ್ಲಾ — ಪೂರ್ತಿ ಅರ್ಥವಾಯಿತು. ಹೊರಗೆ ಬಂದು ಒಂದು ಮಾತು ಆಡಬಹುದಿತ್ತು, ಒಂದೇ ಒಂದು... ತಲೆನೋವೆಂದು ಹೋಗಿ ಮಲಗಿದೆ.

ಊರಿಗೆ ಬಂದ ಮೇಲೆ "ಹೆಂಗಿತ್ತು ಟೀಚರೇ?" ಎಂದವರಿಗೆಲ್ಲ ಅಮಾಯಿ ಮೊಣಕಾಲೂರಿದ್ದನ್ನು ಹೇಳಿದೆ. ನೀನು ಮೊಣಕಾಲೂರಿದ್ದನ್ನು ಹೇಳಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ಸರಿಯಾಗೇ ಕೇಳಿದ್ರಿ ಬಿಡಿ" ಎಂದು ಜನ ಮೆಚ್ಚಿದರು. ಆ ಮೆಚ್ಚುಗೆ ರುಚಿಯಾಗಿತ್ತು. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಮತ್ತೆ ಮತ್ತೆ ಹೇಳಿದೆ. ಮಾತು ಬಸ್ಸು ಹತ್ತಿ ಹೊಸನಗರಕ್ಕೂ ಹೋಗಿ ನಿನ್ನಮ್ಮನ ಕಿವಿಗೆ ಬಿತ್ತು.

ಮೇರಿಯಮ್ಮ ನನ್ನನ್ನು ಹುಡುಕಿಕೊಂಡು ಮನೆಗೇ ಬಂದರು. ದೊಡ್ಡವರ ಮನೆಗಳಲ್ಲಿ ಪಾತ್ರೆ ತಿಕ್ಕಿ ನಿನ್ನನ್ನು ಓದಿಸಿದವರು. "ಹೌದೇನೇ ಸುಜಾತಾ? ನನ್ ಮಗಳು ಜನಾನ ಕಾಲ್ಬುಡದಾಗೆ ಕೂರ್ಸ್ತಾಳಾ?" ಎಂದು ಕೇಳಿದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಕಾಫಿ ಮಾಡುತ್ತೇನೆಂದು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟುತ್ತಿದ್ದರು. ಅವತ್ತಿನಿಂದ ನಿನ್ನ ಫೋನಿಗೆ ಅವರದು "ಊಟ ಆಯ್ತಾ, ಇಡ್ತೀನಿ" ಅಷ್ಟೇ. ಅಮ್ಮ ಯಾಕೆ ಹೀಗಾದಳೆಂದು ನೀನು ಕೇಳುತ್ತಿದ್ದದ್ದು ನನ್ನನ್ನು.

ಕಳೆದ ವಾರ ನಿನ್ನ ಮೆಸೇಜು ಬಂತು. ಡಿಸೆಂಬರಿನಲ್ಲಿ ಬರುತ್ತೀಯ, ಜೊತೆಗೆ ಅಮಾಯಿ ರೂತ್. "ನಿಮ್ಮನೇಲಿ ಉಳ್ಕೊಳ್ಳೋದಾ? ಅಮ್ಮ ಒಳಗೆ ಕರೀತಾಳೋ ಇಲ್ವೋ" ಎಂದು ಬರೆದಿದ್ದೆ. ಅದನ್ನು ಓದಿ ನಾನು ಅತ್ತೆ. ನಾಚಿಕೆಗೆ ಅತ್ತದ್ದು.

ನಿನ್ನೆ ಹೊಸನಗರಕ್ಕೆ ಹೋದೆ. ಮೇರಿಯಮ್ಮ ಸೇವಂತಿಗೆ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ನಿಂತಲ್ಲೇ ಹೇಳಿದೆ, ಈ ಸಲ ಪೂರ್ತಿಯಾಗಿ. ಅವರು ಇನ್ನೊಂದು ಗಿಡಕ್ಕೂ ಮಣ್ಣು ಏರಿಸಿ ಕೇಳಿದರು.

"ನನ್ ಮಗಳು ಮೊಣಕಾಲೂರಿ ನೀರು ಹಾಕಿದ್ಲಾ?"

"ಹಾಕಿದ್ಲು."

"ನೀ ಕಣ್ಣಾರೆ ನೋಡಿದ್ಯಾ?"

"ನೋಡಿದ್ದೆ."

ಅವರ ಮುಖ ಅರಳಿತು. ಆ ಸಂತೋಷವನ್ನು ಆರು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೆ — ನನಗೆ ನೋಡಲಾಗಲಿಲ್ಲ. "ನುಂಗ್ಕಂಡು ಕೂತಿದ್ಯಲ್ಲೇ ಪಾಪಿ" ಎಂದರು. ಮಣ್ಣು ಕೈ ಜಾಡಿಸಿಕೊಂಡು, "ಅವ್ಳು ಇಲ್ಲಿಗೇ ಬರ್ಲಿ. ಆ ಅಮ್ಮನೂ ಬರ್ಲಿ. ನೀನೂ ಬಾ" ಎಂದರು. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ನಿನ್ನನ್ನೂ ಕೇಳುವುದಿಲ್ಲ. ಅರ್ಧ ಕಥೆ ಕೇಳಿಸಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಉಳಿದರ್ಧ ಹೇಳಬೇಕು. ಇವತ್ತು ಇಬ್ಬರಿಗೆ ಹೇಳಿದೆ. ಒಬ್ಬರಿಗೆ ಮೊದಲಿನದ್ದೇ ಚೆನ್ನಾಗಿತ್ತಂತೆ.

ಇನ್ನೊಂದು. ನನ್ನ ಮೊಣಕಾಲು ಸವೆದಿದೆ, ನೆಲದ ಮೇಲೆ ಕೂರಬೇಡಿ ಎಂದಿದ್ದಾರೆ ಡಾಕ್ಟರು. ಇವತ್ತು ಬೆಳಿಗ್ಗೆ ಮಂಚದ ಅಂಚು ಹಿಡಿದು ಊರಿ ನೋಡಿದೆ. ಕೂರಲು ಬಂತು, ಏಳುವುದು ಕಷ್ಟವಾಯಿತು. ಡಿಸೆಂಬರಿಗೆ ಇನ್ನೂ ದಿನವಿದೆ, ಅಭ್ಯಾಸ ಮಾಡಿಕೊಳ್ಳುತ್ತೇನೆ. ಅಮಾಯಿ ರೂತ್‌ಗೆ ಮೊದಲೇ ಹೇಳಿಡು — ನಿನ್ನಮ್ಮನ ಮನೆಯಲ್ಲಿ ಅವರ ಕೈಗೆ ನೀರು ಸುರಿಯುವವಳು ನಾನು. ಬೆಚ್ಚಗೆ ಮಾಡಿಯೇ ತರುತ್ತೇನೆ.